ಕಾಗೆಯ ಗಂಟಲು

ನನ್ನ ನಾದಿನಿ ಡ್ರಮ್ಮಿನ ಮುಂದೆ ನನಗೆ ಮರ್ಯಾದೆ ಕೊಟ್ಟು ಮಾತಾಡಿದ ದಿನವೇ ನನಗೆ ಹೆದರಿಕೆ ಹತ್ತಿದ್ದು.

ಇದು ಅರ್ಥವಾಗಬೇಕಾದರೆ ಅವಳ ಕಥೆ ಸ್ವಲ್ಪ ಹೇಳಬೇಕು. ಅವಳಿಗೆ ಕಾಗೆ ಅಂತ ಹೆಸರಿಟ್ಟದ್ದು ಅವಳ ಸೋದರತ್ತೆ. ಚಿಕ್ಕವಳಿದ್ದಾಗ ಮನೆಗೆ ಬಂದವರ ಮುಂದೆ ಹಾಡಿದಳಂತೆ, "ಇದು ಗಂಟಲಾ, ಕಾಗೆ ಗೂಡಾ?" ಅಂದರಂತೆ ಆ ಪುಣ್ಯಾತ್ಗಿತ್ತಿ. ಬೇರೆ ಮಕ್ಕಳಾಗಿದ್ದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದವು. ಇವಳು ದೊಡ್ಡವಳಾಗಿ, ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವ ಕೆಲಸಕ್ಕೆ ಸೇರಿ, ಮೊದಲ ಸಂಬಳದಲ್ಲಿ ಹಳೆಯ ಎಲೆಕ್ಟ್ರಿಕ್ ಗಿಟಾರ್ ತಂದಳು. ಅದರ ಮೇಲೆ ಬಿಳಿ ಬಣ್ಣದಲ್ಲಿ 'ಕಾಗೆ' ಎಂದು ಬರೆದಳು. ಹಗಲು ಇಸ್ತ್ರಿ, ಸಂಜೆ ಪಂಕ್ ರಾಕ್. ಪಂಕ್ ಅಂದರೆ ಏನು ಅಂತ ನನ್ನನ್ನು ಕೇಳಬೇಡಿ. ಎರಡು ನಿಮಿಷದಲ್ಲಿ ಮುಗಿಯುವ ಸಿಟ್ಟು ಅಂತಷ್ಟೇ ನನಗೆ ಗೊತ್ತು.

ನಾನು ಅವಳ ಅಕ್ಕನ ಗಂಡ, ಬಸ್ ಓಡಿಸುವವನು. ಮದುವೆಯಾದ ಹೊಸದರಲ್ಲಿ ಊಟಕ್ಕೆ ಕಾಯುತ್ತಾ ತಟ್ಟೆಯ ಮೇಲೆ ತಾಳ ಹಾಕಿದ್ದೇ ತಪ್ಪಾಯಿತು. ಮರುವಾರವೇ ಒಂದು ಡ್ರಮ್ ಸೆಟ್ಟು ನಮ್ಮ ಅಡುಗೆಮನೆಗೆ ಬಂದು ಕೂತಿತು. ಆಂಪ್ಲಿಫೈಯರ್ ಹಾಕಿದರೂ ಫ್ಯೂಸ್ ಹೋಗದ ಪ್ಲಗ್ಗು ಮನೆಯಲ್ಲಿ ಅದೊಂದೇ, ಫ್ರಿಜ್ಜಿನ ಪಕ್ಕದ್ದು. ನನ್ನ ಹೆಂಡತಿ ಕಿವಿಗೆ ಹತ್ತಿ ತುರುಕಿಕೊಂಡು ಪಕ್ಕದಲ್ಲೇ ಈರುಳ್ಳಿ ಹೆಚ್ಚುತ್ತಿದ್ದಳು. ಕಾಗೆ ಗುಂಯ್‌ಗುಡುವ ಫ್ರಿಜ್ಜಿಗೆ ಬೆನ್ನು ಕೊಟ್ಟು ಕೂತು ಗಿಟಾರಿನ ಬಿರಡೆ ತಿರುವುತ್ತಿದ್ದಳು, ಸರಿ ಅನ್ನಿಸಿದಲ್ಲಿ ನಿಲ್ಲಿಸುತ್ತಿದ್ದಳು. ಹೊರಗೆ ಕಾರ್ಯಕ್ರಮವಿದ್ದರೂ ಅಲ್ಲೇ ಶ್ರುತಿ ಮಾಡಿಕೊಂಡು ಹೊರಡುವುದು.

ಮನೆಯಲ್ಲಿ ಅವಳು ನನಗೆ ಬಹುವಚನ ಕೊಡುತ್ತಾಳೆ. "ಬನ್ನಿ ಭಾವ, ಕೂತ್ಕೊಳ್ಳಿ ಭಾವ." ಗಿಟಾರ್ ಹೆಗಲಿಗೆ ಏರಿತೋ, ಅದೆಲ್ಲ ಮೂಟೆ ಕಟ್ಟಿ ಮೂಲೆಗೆ. "ಹೊಡಿಯೋ ಭಾವ!" ಅಂತ ಕಿರುಚುತ್ತಾಳೆ. ಬೇರೆಯವರು ಒಂದು, ಎರಡು, ಮೂರು ಎಣಿಸಿ ಹಾಡು ಶುರು ಮಾಡುತ್ತಾರೆ, ನಮ್ಮದು ಶುರುವಾಗುವುದು ಹೀಗೆ. ನೆಲಮಾಳಿಗೆಯ ಬಾರುಗಳಲ್ಲಿ, ಕಾಲೇಜಿನ ಶೆಡ್ಡುಗಳಲ್ಲಿ ನಮ್ಮನ್ನು ಕೇಳಿದವರೆಲ್ಲ ಅದನ್ನೇ ಕಲಿತರು. ಒಮ್ಮೆ ನನ್ನ ಬಸ್ಸಿನಲ್ಲೇ ಹಿಂದಿನಿಂದ ಯಾರೋ "ಹೊಡಿಯೋ ಭಾವ" ಅಂದರು. ನಾನು ಹಾರ್ನ್ ಹೊಡೆದೆ.

ಹೀಗೆ ಇಪ್ಪತ್ತು ವರ್ಷದ ಮೇಲಾಯಿತು. ಒಂದು ಕ್ಯಾಸೆಟ್ ಮಾಡಿದೆವು, ಅದು ಮಾರಾಟವಾಗದೆ ನಮ್ಮ ಮಂಚದ ಕೆಳಗೇ ಉಳಿಯಿತು. ಅದರಲ್ಲಿದ್ದ ಒಂದು ಹಾಡು ಈಗ ಯಾರದೋ ಫೋನಿಗೆ ಸಿಕ್ಕಿ ಎಲ್ಲೆಲ್ಲೂ ಹಬ್ಬಿಬಿಟ್ಟಿತು. ಲಾಂಡ್ರಿಯ ಮೇಸ್ತ್ರಿ ದಿನವಿಡೀ "ಮಡಚು, ಮಡಚು" ಅನ್ನುತ್ತಿದ್ದನಲ್ಲ, ಅವನಿಗೆ ಕೊಟ್ಟ ಉತ್ತರ ಆ ಹಾಡು. ಕೊನೆಯಲ್ಲಿ ಕಾಗೆ ಗಂಟಲು ಹರಿದುಹೋಗುವ ಹಾಗೆ "ಮಡಚಲ್ಲ!" ಅನ್ನುತ್ತಾಳೆ. ಅದನ್ನು ಕೇಳಲೆಂದೇ ದೊಡ್ಡ ಸಭಾಂಗಣದವರು ನಮ್ಮನ್ನು ಕರೆದರು.

"ಈ ಸಲ ನೆಟ್ಟಗೆ ನುಡಿಸ್ಬೇಕು ಭಾವ, ದೊಡ್ಡ ಜಾಗ" ಅಂದಳು. ಗಿಟಾರಿನ ತಲೆಗೆ ಕಚ್ಚಿಸುವ ಶ್ರುತಿಯಂತ್ರವೊಂದನ್ನು ತಂದಳು. ತಂತಿ ಸರಿಯಾದ ಜಾಗಕ್ಕೆ ಬಂದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು. ಗುಂಯ್ ಸದ್ದು ಅಡ್ಡ ಬರುತ್ತದೆ ಅಂತ ಅಭ್ಯಾಸದ ಹೊತ್ತಿಗೆ ಫ್ರಿಜ್ಜನ್ನೂ ಆರಿಸಿದಳು. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು. ಅವತ್ತಿನಿಂದ "ಮಡಚಲ್ಲ" ಬರಲಿಲ್ಲ. ಅಲ್ಲಿಗೆ ಬಂದ ಕೂಡಲೇ ಗಂಟಲು ಬಿರಿದು ಬರೀ ಗಾಳಿ ಬರುತ್ತಿತ್ತು.

ಗಂಟಲಿನ ಡಾಕ್ಟರು ಬಾಯಿಗೆ ದೀಪ ಬಿಟ್ಟು ನೋಡಿ ಏನೂ ಇಲ್ಲ ಅಂದರು. ಅವಳು ಇನ್ನೂ ಇಳಿದುಹೋದಳು. "ಕಾಯಿಲೆ ಆಗಿದ್ರೆ ಔಷಧಿ ಇರ್ತಿತ್ತು. ವಯಸ್ಸಿಗೆ ಏನಿದೆ ಭಾವ?"

ಬಿಸಿನೀರು ಕುಡಿದಳು, ಮಾತು ನಿಲ್ಲಿಸಿ ಕೈಸನ್ನೆ ಮಾಡಿದಳು. ಒಂದು ಸಂಜೆ ಗಿಟಾರ್ ಹಾಕಿಕೊಂಡು, ನೆಲ ನೋಡುತ್ತಾ, "ಹೊಡೀರಿ ಭಾವ" ಅಂದಳು. ಕೋಲು ಎತ್ತಿದ ಕೈ ಅಲ್ಲೇ ನಿಂತಿತು.

"ಕಾರ್ಯಕ್ರಮದ ದಿನಾನೂ ಬರ್ಲಿಲ್ಲ ಅಂದ್ರೆ ಗಿಟಾರ್ ಮಾರ್ಬಿಡ್ತೀನಿ ಅಕ್ಕ" ಅಂತ ಹೆಂಡತಿಯ ಹತ್ತಿರ ಹೇಳಿದ್ದಳು. ಈ ಗಲಾಟೆ ಎಂದು ಮನೆ ಬಿಟ್ಟೀತೋ ಅಂತ ಇಷ್ಟು ವರ್ಷ ಕಾದಿದ್ದ ನನ್ನ ಹೆಂಡತಿ ನನ್ನ ತೋಳು ಹಿಡಿದು, "ರೀ, ಹೇಗಾದ್ರೂ ಮಾಡಿ ಅವಳ ಗಂಟಲು ಸರಿ ಮಾಡ್ರೀ" ಅಂದಳು. ನಾನೇನು ಮಾಡಲಿ? ನನಗೆ ಬ್ರೇಕು ಗೊತ್ತು, ಕ್ಲಚ್ಚು ಗೊತ್ತು.

ಕಾರ್ಯಕ್ರಮದ ಸಂಜೆ ವೇದಿಕೆಯ ಹಿಂದಿನ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಒಂದು ಕನ್ನಡಿ, ಎರಡು ಕುರ್ಚಿ, ನೀರಿನ ಬಾಟಲಿ ತುಂಬಿದ ಹಳೆಯ ಫ್ರಿಜ್ಜು. ಕಾಗೆ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡು ಬಂದು, ಕುರ್ಚಿಯಲ್ಲಿ ಕೂರಲಾರದೆ ಫ್ರಿಜ್ಜಿಗೆ ಒರಗಿ ನೆಲದಲ್ಲೇ ಕೂತಳು. ಕಣ್ಣು ಮುಚ್ಚಿ ಹಾಡನ್ನು ಬಾಯಲ್ಲೇ ಗುನುಗತೊಡಗಿದಳು. ನನಗೆ ಅವಳ ಕಡೆ ನೋಡಲು ಧೈರ್ಯವಿರಲಿಲ್ಲ.

"ಮಡಚಲ್ಲ."

ಸಣ್ಣದಾಗಿಯೇ, ಆದರೆ ಇಡಿಯಾಗಿ ಬಂತು. ಅವಳು ಕಣ್ಣು ಬಿಟ್ಟಳು. ನಾನು ಫ್ರಿಜ್ಜನ್ನು ನೋಡಿದೆ. ಅದು ನಮ್ಮ ಅಡುಗೆಮನೆಯದರ ಹಾಗೆಯೇ ಗುಂಯ್ ಅನ್ನುತ್ತಿತ್ತು. ಅವಳು ಗಿಟಾರ್ ಎಳೆದುಕೊಂಡು, ಫ್ರಿಜ್ಜಿನ ಬಾಗಿಲಿಗೆ ಕಿವಿಯಿಟ್ಟು, ತಂತಿಯ ಬಿಗಿ ಸಡಿಲಿಸುತ್ತಾ ಹೋದಳು. ಗುಂಯ್‌ನಲ್ಲಿ ತಂತಿಯ ದನಿ ಬೆರೆತುಹೋಯಿತು. ಯಂತ್ರ ಕೆಂಪು ದೀಪ ತೋರಿಸಿತು.

"ಭಾವ, ಇಷ್ಟು ವರ್ಷ ನಾವು..."

"ಹೂಂ. ಶ್ರುತಿ ತಾಯಿ, ಲಯ ತಂದೆ ಅಂತಾರಲ್ಲ. ನಮ್ಮ ತಾಯಿ ಫ್ರಿಜ್ಜು ಕಣೇ."

ನಮ್ಮ ಹಾಡುಗಳೆಲ್ಲ ಹುಟ್ಟಿದ್ದೇ ಲೋಕದ ಶ್ರುತಿಗಿಂತ ಕೆಳಗೆ. ಯಂತ್ರ ತಂತಿಗಳನ್ನು ಮೇಲಕ್ಕೆಳೆದಿತ್ತು, ಪಾಪ ಗಂಟಲು ಅಲ್ಲಿಗೆ ಹತ್ತಲಾರದೆ ಬಿದ್ದಿತ್ತು. ನಾನು ನಕ್ಕೆ. ಅವಳು ನಗಲಿಲ್ಲ.

"ಗುನುಗಿದ್ದು ಬಂತು. ಕಿರುಚಿದ್ರೆ ಬರುತ್ತಾ?"

ಅಷ್ಟರಲ್ಲಿ ಮೈಕಿನವನು ಬಂದು, ತಂತಿ ಮೀಟಿ ನೋಡಿ, "ಮೇಡಂ, ಶ್ರುತಿ ಇಳಿದಿದೆ" ಅಂದ.

"ಇಳಿದೇ ಇರ್ಲಿ" ಅಂದಳು. ಯಂತ್ರ ಕಿತ್ತು ನನ್ನ ಕೈಗಿಟ್ಟಳು. "ಜೊತೆಗಿರಿ ಭಾವ" ಅಂದಳು. ಇನ್ನೂ ಬಹುವಚನ.

ವೇದಿಕೆಯ ಮೇಲೆ ದೀಪಗಳು ಹತ್ತಿದವು. ಮುಂದಿನ ಸಾಲಿನಲ್ಲಿ ನನ್ನ ಹೆಂಡತಿ ನಿಂತಿದ್ದಳು. ಕಿವಿಯ ಹತ್ತಿ ತೆಗೆದು ಮುಷ್ಟಿಯಲ್ಲಿ ಹಿಡಿದಿದ್ದಳು. ನಾವು ನುಡಿಸುವ ಹೊತ್ತಿಗೆ ಅವಳು ಹತ್ತಿ ತೆಗೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಾಗೆ ಮೈಕಿನ ಮುಂದೆ ನಿಂತು ನನ್ನ ಕಡೆ ತಿರುಗಿದಳು. ಬಾಯಿ ತೆರೆದಳು, ಸದ್ದಿಲ್ಲ. ಹೊಡೀರಿ ಅಂದರೆ ಮುಗಿಯಿತು ಕಥೆ.

"ಹೊಡಿಯೋ ಭಾವ!"

ಯಾವ ಮರ್ಯಾದೆಯೂ ನನಗೆ ಜನ್ಮದಲ್ಲಿ ಅಷ್ಟು ಸುಖ ಕೊಟ್ಟಿರಲಿಲ್ಲ. ಹೊಡೆದೆ.