ಚಿಪ್ಪಿನ ದಿಬ್ಬದಲ್ಲಿ ಕೀಲಿ ಕಾಯುವಾಕೆ

ಬೆಳಗಿನ ಐದೂಕಾಲು. ಡಿಸೆಂಬರಿನ ಶನಿವಾರ. ಹಣೆಗೆ ಕಟ್ಟಿದ ದೀಪದ ಬೆಳಕಲ್ಲಿ ಒಡಾಲಿ ಎಸ್ತೊಪಿನಾಲ್ ಗಿರಾಕಿಯೊಬ್ಬನ ಕಯಾಕ್ ಸುತ್ತ ಬಗ್ಗಿ ಬಗ್ಗಿ ನೋಡುತ್ತಿದ್ದಾರೆ. ಲಂಗರಿನ ಹಗ್ಗವನ್ನು ಆತ ಸೀಟಿನ ಪಕ್ಕದ ಕೊಕ್ಕೆಗೇ ಕಟ್ಟಿಕೊಂಡಿದ್ದಾನೆ, ಕೈಗೆಟಕುತ್ತದೆ ಎಂಬ ಸುಖಕ್ಕೆ. ಒಡಾಲಿ ಗಂಟು ಬಿಚ್ಚುತ್ತಾರೆ, ಹಗ್ಗವನ್ನು ಒಯ್ದು ಹಿಂದಿನ ತುದಿಯ ರಾಟೆಗೆ ಪೋಣಿಸುತ್ತಾರೆ.

"ಪಕ್ಕಕ್ಕೆ ಕಟ್ಟಿ ಸೆಳೆತದಲ್ಲಿ ಲಂಗರು ಬಿಟ್ರೆ ದೋಣಿ ಅಡ್ಡ ತಿರುಗಿ ಮಗುಚುತ್ತೆ. ನಿನಗೆ ಬೈಯೋಕೂ ಪುರುಸೊತ್ತು ಇರಲ್ಲ," ಎನ್ನುತ್ತಾರೆ. ಆಮೇಲೆ ಅವನ ಎದೆಯ ಮೇಲಿನ ಚಾಕು, ಸೀಟಿ, ದೋಣಿಯ ಮೇಲಿನ ಕಿತ್ತಳೆ ಬಾವುಟ ಮುಟ್ಟಿ ನೋಡಿ ಕೈ ಚಾಚುತ್ತಾರೆ. ಅವನು ತನ್ನ ಗಾಡಿಯ ಕೀಲಿ ಕೊಡುತ್ತಾನೆ.

ಮಿಸಿಸಿಪ್ಪಿ ಕಡಲಿಗೆ ಬಿದ್ದು ಚೂರುಚೂರಾಗುವ ನಮ್ಮ ಜೌಗಿನಲ್ಲಿ ಕಯಾಕ್ ನೀರಿಗಿಳಿಸಲು ಇರುವುದು ಮೂರೇ ಜಾಗ. ಸೇತುವೆಯ ಕೆಳಗೆ ಇಳಿಸಿದರೆ ಮೋಟಾರು ದೋಣಿಗಳ ಅಲೆ. ಪ್ರವಾಹ ತಡೆಯುವ ಏರಿಯ ಬಾಗಿಲ ಹತ್ತಿರ ಇಳಿಸಿದರೆ ಸೆಳೆತ. ಹೀಗಾಗಿ ಎಲ್ಲರೂ ಬರುವುದು ಚಿಪ್ಪಿನ ದಿಬ್ಬಕ್ಕೆ. ಹಿಂದೆ ಸಿಂಪಿ ಸುಲಿಯುವವರು ಚಿಪ್ಪು ಸುರಿದೂ ಸುರಿದೂ ಎದ್ದ ದಿಬ್ಬ ಅದು. ಚಿಪ್ಪು ದೋಣಿಯ ಹೊಟ್ಟೆ ಸೀಳಬಾರದೆಂದು ಒಡಾಲಿ ಇಳಿಜಾರಿಗೆ ಚರ್ಚಿನಿಂದ ತಂದ ಹಳೇ ಜಮಖಾನ ಹಾಸಿದ್ದಾರೆ. ಮದುಮಕ್ಕಳು ನಡೆದ ಜಮಖಾನದ ಮೇಲೆ ಈಗ ಪ್ಲಾಸ್ಟಿಕ್ ದೋಣಿಗಳು ಜಾರುತ್ತವೆ.

ಒಡಾಲಿಯ ವಯಸ್ಸು ಅರವತ್ತಮೂರು. ಎಡಗೈಯ ಎರಡು ಬೆರಳು ಮಡಚುವುದಿಲ್ಲ. ವಾರಕ್ಕೆ ಆರು ದಿನ ಮೂರೂವರೆಗೆ ಏಳುತ್ತಾರೆ. ಶನಿವಾರ ಮೂವತ್ತರಿಂದ ನಲವತ್ತು ದೋಣಿ ಅವರ ಕೈ ದಾಟಿ ನೀರಿಗಿಳಿಯುತ್ತವೆ, ಅದರಲ್ಲಿ ಹನ್ನೆರಡು ಬಾಡಿಗೆಯವು. ಊರಿಗೆಲ್ಲ ಅವರು ತೀಯಾ, ಅಂದರೆ ಚಿಕ್ಕಮ್ಮ. ನಮ್ಮ ಹಿರಿಯರು ಕಡಲಾಚೆಯ ದ್ವೀಪಗಳಿಂದ ವಲಸೆ ಬರುವಾಗ ತಂದ ಸ್ಪ್ಯಾನಿಷಿನಲ್ಲಿ ಈಗ ಉಳಿದಿರುವುದು ಬೈಗುಳ, ಅಡುಗೆಯ ಹೆಸರುಗಳು ಮತ್ತು ಇಂಥ ಒಂದೆರಡು ಮಾತು. ಮೂರರಲ್ಲೂ ತೀಯಾ ಒಡಾಲಿಗೆ ಒಳ್ಳೆಯ ಹಿಡಿತವಿದೆ.

ದಿಬ್ಬದ ಮೇಲಿನ ಅವರ ದೋಣಿ ಅಂಗಡಿಯ ಗೋಡೆಯ ಮೇಲೆ ಮೊಳೆಗಳ ಸಾಲಿನ ಒಂದು ಹಲಗೆ. ನೀರಿಗಿಳಿಯುವವರು ಅಲ್ಲಿ ಗಾಡಿಯ ಕೀಲಿ ತೂಗುಹಾಕಿ, ಅದರ ಕೆಳಗೆ ಸೀಮೆಸುಣ್ಣದಲ್ಲಿ ತಾವು ಹೋಗುವ ಜಾಗ ಬರೆಯಬೇಕು. ವಾಪಸು ಬಂದವರಿಗೆ ತೀಯಾ ಕೈಯಿಂದಲೇ ಕೀಲಿ ಸಿಗುತ್ತದೆ. ಮೊಳೆ ಖಾಲಿಯಾಯಿತೆಂದರೆ ಮನುಷ್ಯ ದಡ ಸೇರಿದ ಎಂದರ್ಥ. ಕೇಳಲು ಚೆಂದದ ವ್ಯವಸ್ಥೆ. ತೊಂದರೆ ಒಂದೇ: ಹಲಗೆಯ ಮೇಲೆ ಬರೆದಿರುವುದೆಲ್ಲ ಸುಳ್ಳು.

ಮೀನು ಸಿಗುವ ಜಾಗವನ್ನು ನಮ್ಮಲ್ಲಿ ಯಾರೂ ಹೆಂಡತಿಗೂ ಹೇಳುವುದಿಲ್ಲ. ಹಲಗೆಗೆ ಬರೆದರೆ ಮುಂದಿನ ವಾರ ಅಲ್ಲಿ ಹತ್ತು ಬಾವುಟ. ಅದಕ್ಕೇ ಪೂರ್ವಕ್ಕೆ ಹೋಗುವವನು ಪಶ್ಚಿಮ ಎಂದು ಬರೆಯುತ್ತಾನೆ. ಈ ಸಾಲುಗಳನ್ನು ಬರೆಯುತ್ತಿರುವವನೂ ಎಂಟು ವರ್ಷ ಅದನ್ನೇ ಮಾಡಿದ್ದಾನೆ, ನಾಚಿಕೆಯೂ ಆಗಿರಲಿಲ್ಲ.

ಹಲಗೆಯ ಮೊದಲ ಮೊಳೆಯಲ್ಲಿ ತುಕ್ಕು ಹಿಡಿದ ಕೀಲಿಯೊಂದಿದೆ. ಒಡಾಲಿಯ ತಮ್ಮ ಇಸಿದ್ರೋನದು. ಹನ್ನೊಂದು ವರ್ಷದ ಹಿಂದೆ, ಫೆಬ್ರವರಿಯಲ್ಲಿ, ಅವನು ಅದರ ಕೆಳಗೆ 'ಪೂರ್ವದ ಕೊಲ್ಲಿ' ಎಂದು ಬರೆದು ಹೋದ. ಮಧ್ಯಾಹ್ನ ಬಡಗಣ ಗಾಳಿ ಎದ್ದಿತು. ಇಲ್ಲಿ ಚಳಿಗಾಲದ ಬಡಗಣ ಗಾಳಿ ಜೌಗಿನ ನೀರನ್ನೇ ಕಡಲಿಗೆ ದಬ್ಬಿಬಿಡುತ್ತದೆ. ಉಬ್ಬರವಿಳಿತದ ಪಟ್ಟಿಯಲ್ಲಿ ಏನೇ ಬರೆದಿರಲಿ, ಎರಡು ಗಂಟೆಯಲ್ಲಿ ಕೊಳದ ಬದಲು ಬರೀ ಕೆಸರು ಇರುತ್ತದೆ. ಊರಿಗೆ ಊರೇ ಪೂರ್ವದ ಕೊಲ್ಲಿಯನ್ನು ಜಾಲಾಡಿತು. ಅವನು ಸಿಕ್ಕಿದ್ದು ಮರುದಿನ, ಪಶ್ಚಿಮದಲ್ಲಿ. ದೋಣಿಯಿಂದ ಇಳಿದು ಎಳೆಯಲು ಹೋಗಿ ಸೊಂಟದವರೆಗೆ ಹೂತಿದ್ದ. ಕೆಸರು ಕೊಂದಿರಲಿಲ್ಲ, ಚಳಿ ಕೊಂದಿತ್ತು.

"ಅಕ್ಕನಿಗೂ ಸುಳ್ಳು ಬರೆದ ನೋಡು," ಎನ್ನುತ್ತಾರೆ ಒಡಾಲಿ. "ಅವನ ಅಕ್ಷರ ನಂಬಿದೆ ನಾನು. ಅವನ ದೋಣಿ ನೋಡಬೇಕಿತ್ತು. ಅವತ್ತಿಂದ ಓದೋದು ಬಿಟ್ಟೆ. ದೋಣೀಲಿ ಏನಿಟ್ಕೊಂಡ ಅಂತ ನೋಡ್ತೀನಿ, ವಾಪಸು ಬಂದು ತೊಳೆಯೋವಾಗ ಯಾವ ಕೆಸರು ಹತ್ತಿದೆ ಅಂತ ನೋಡ್ತೀನಿ. ಕೊಳಾಯಿ ಹತ್ತಿರ ಎಲ್ಲರ ಸುಳ್ಳೂ ಹೊರಗೆ ಬರುತ್ತೆ."

ಇಂಥ ಮಾತುಗಳನ್ನು ಪತ್ರಿಕೆಗೆ ಬರೆದುಕೊಂಡು, ಒಂದು ಲೋಟ ಕಾಫಿ ಕುಡಿದು, ಹತ್ತು ಗಂಟೆಗೆ ಮನೆಗೆ ಹೋಗುವ ಲೆಕ್ಕದಲ್ಲಿ ನಾನು ಬಂದಿದ್ದೇನೆ.

ಬಡಗಣ ಗಾಳಿ ಮಧ್ಯಾಹ್ನಕ್ಕೆ ಎಂದು ಹವಾಮಾನದವರು ಹೇಳಿದ್ದರು. ಎಂಟಕ್ಕೇ ಅಂಗಡಿಯ ಬಾಗಿಲು ತಾನಾಗಿ ಬಡಿದುಕೊಳ್ಳುತ್ತದೆ. ಒಡಾಲಿ ಹೊರಗೆ ಹೋಗಿ ದಡದ ಕಂಬ ನೋಡುತ್ತಾರೆ. ಕಂಬದ ಮೇಲೆ ಒಂದು ಗೇಣು ಹಸಿ ಗುರುತು, ಅಷ್ಟು ನೀರು ಆಗಲೇ ಹೋಗಿದೆ. ತಮ್ಮ ಗಾಡಿಯ ಹಾರನ್ನನ್ನು ಮೂರು ಸಲ ಉದ್ದಕ್ಕೆ ಒತ್ತುತ್ತಾರೆ. ಕೇಳಿಸಿದವರು ತಿರುಗಿ ಬರಬೇಕು. ಒಂದೊಂದಾಗಿ ಬಾವುಟಗಳು ಕಾಣುತ್ತವೆ, ಒಂದೊಂದೇ ಮೊಳೆ ಖಾಲಿಯಾಗುತ್ತದೆ. ಒಂಬತ್ತೂವರೆಗೆ ಇಪ್ಪತ್ತೆಂಟು ಜನ ದಡದಲ್ಲಿದ್ದಾರೆ. ತುಕ್ಕು ಹಿಡಿದದ್ದನ್ನು ಬಿಟ್ಟರೆ ಹಲಗೆಯಲ್ಲಿ ಒಂದೇ ಕೀಲಿ.

ಅದು ಕ್ಲೋವಿಸ್ ಅಲ್ಫೊನ್ಸೋನದು. ಎಪ್ಪತ್ತರ ಮುದುಕ, ಹಡಗುಕಟ್ಟೆಯಲ್ಲಿ ಬೆಸುಗೆ ಹಾಕುತ್ತಿದ್ದವನು, ಇಸಿದ್ರೋನ ಜೀವದ ಗೆಳೆಯ. ಕೀಲಿಯ ಕೆಳಗೆ 'ಉದ್ದ ಕಾಲುವೆ' ಎಂದಿದೆ. ಅವನ ಫೋನ್ ಹೊಡೆದುಕೊಳ್ಳುತ್ತದೆ, ಎತ್ತುವವರಿಲ್ಲ. ರಕ್ಷಣಾ ದೋಣಿ ಹೊರಟಿದೆಯಂತೆ, ಬರಲು ಒಂದು ಗಂಟೆ. ಸೀಗಡಿ ಹಿಡಿಯುವ ತುವಾನ್ ತನ್ನ ದೊಡ್ಡ ದೋಣಿಗೆ ನಾಲ್ವರನ್ನು ಹತ್ತಿಸಿಕೊಂಡು, ಉದ್ದ ಕಾಲುವೆಗೆ ಹೋಗೋಣ ಬನ್ನಿ ತೀಯಾ ಎಂದು ಕರೆಯುತ್ತಾನೆ.

ಒಡಾಲಿ ಹೋಗುವುದಿಲ್ಲ. ಕ್ಲೋವಿಸನ ಗಾಡಿಯ ಹಿಂದೆ ನಿಂತು ಒಳಗೆ ನೋಡುತ್ತಾರೆ. ಅಲ್ಲಿ ಅವನ ಲಂಗರು ಬಿದ್ದಿದೆ, ಹಗ್ಗ ಸುತ್ತಿಟ್ಟ ಹಾಗೇ.

"ಕಾಲುವೇಲಿ ಹನ್ನೆರಡು ಅಡಿ ನೀರಿದೆ, ಸೆಳೆತ ಬೇರೆ," ಎನ್ನುತ್ತಾರೆ. "ಬೆಳಿಗ್ಗೆ ಅವನ ದೋಣೀಲಿ ಇದ್ದದ್ದು ಕೆಸರಿಗೆ ಚುಚ್ಚಿ ನಿಲ್ಲೋ ಕೋಲು. ಎಂಟೇ ಅಡಿ. ಅದನ್ನಿಟ್ಕೊಂಡು ಅಲ್ಲೇನ್ ಮಾಡ್ತಾನೆ?"

ಹಾಗಾದರೆ ಎಲ್ಲಿ ಎಂದು ಯಾರೋ ಕೇಳುತ್ತಾರೆ. ಒಡಾಲಿ ತುವಾನನಿಗೆ ಕಾಲುವೆಯನ್ನೂ ನೋಡಿಬಿಡು ಎನ್ನುತ್ತಾರೆ, ಮೂಲೆಗೆ ಹೋಗಿ ರಕ್ಷಣೆಯವರಿಗೆ ಫೋನಿನಲ್ಲಿ ಪಿಸುಮಾತಿನಲ್ಲಿ ಏನೋ ಹೇಳುತ್ತಾರೆ, ತಮ್ಮ ಚಪ್ಪಟೆ ತಳದ ದೋಣಿಗೆ ಹಗ್ಗದ ಸುರುಳಿ ಎಸೆಯುತ್ತಾರೆ. ಒಂದು ಗೇಣು ನೀರಲ್ಲೂ ಓಡುವ ಎಂಜಿನ್ ಅದಕ್ಕಿದೆ. ಅಲ್ಲಿ ಕೈ ಖಾಲಿ ಇದ್ದವನು ನಾನೊಬ್ಬನೇ.

"ಹತ್ತು, ಪೇಪರಿನವನೇ. ಕಂಡ ಜಾಗ ಬರೆಯೋ ಹಾಗಿಲ್ಲ."

ಹತ್ತುತ್ತೇನೆ. ಹಾಗಾಗಿ ಆ ಕೊಳದ ಹೆಸರು ಇಲ್ಲಿಲ್ಲ.

ದಾರಿಯಲ್ಲಿ ಒಡಾಲಿ ಒಂದೇ ವಿಷಯ ಹೇಳುತ್ತಾರೆ. ಮೂರು ವಾರದಿಂದ ಕ್ಲೋವಿಸನ ದೋಣಿಗೆ ಹತ್ತಿದ್ದು ಬೂದು ಕೆಸರಲ್ಲ, ಕಪ್ಪು ಕೆಸರು. ಅದರಲ್ಲಿ ಜೊಂಡಿನ ಬೇರಿನ ಚೂರು. ಅಂಥ ಕೆಸರು ಇರುವ ಕೊಳ ಅವರಿಗೆ ತಿಳಿದಂತೆ ಒಂದೇ. ತಿಳಿದದ್ದು ತಪ್ಪಾಗಿದ್ದರೆ ಎಂದು ನಾನು ಕೇಳುತ್ತೇನೆ. ಕೇಳಬಾರದಿತ್ತು.

ಕೊಳದ ಬಾಯಲ್ಲಿ ಉಳಿದಿರುವುದು ಒಂದು ಗೇಣು ನೀರು. ದೋಣಿ ತಳ ಒರೆಸಿಕೊಂಡು ಒಳಗೆ ಹೋಗುತ್ತದೆ. ಆಚೆ ಬರೀ ಕೆಸರು ಮಿನುಗುತ್ತಿದೆ, ಅದರ ನಡುವೆ ಕಿತ್ತಳೆ ಬಾವುಟ. ಕ್ಲೋವಿಸನ ಒಂದು ಮೊಣಕಾಲು ಕಯಾಕಿನ ಮೇಲಿದೆ, ಇನ್ನೊಂದು ಕಾಲು ತೊಡೆಯವರೆಗೆ ಕೆಸರಲ್ಲಿದೆ. ತುಟಿ ನೀಲಿ. ಇಳಿಯಬಾರದೆಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಇಳಿದಿದ್ದಾನೆ.

"ಕಾಲು ಎಳೀಬೇಡ, ಎಳೆದಷ್ಟೂ ಇಳಿಯುತ್ತೆ," ಒಡಾಲಿಯ ದನಿ ಏರುವುದಿಲ್ಲ. "ದೋಣಿ ಮೇಲೆ ಬೋರಲು ಬೀಳು. ಬೂಟು ಬಿಚ್ಕೋ, ಅದು ಅಲ್ಲೇ ಇರ್ಲಿ."

ಅರವತ್ತು ಅಡಿ ದೂರ. ಎದುರು ಗಾಳಿಗೆ ಎಸೆದ ಹಗ್ಗ ಅರ್ಧದಲ್ಲೇ ಬೀಳುತ್ತದೆ. ಎರಡನೇ ಸಲವೂ ಅಷ್ಟೇ. ನಮ್ಮ ದೋಣಿಯ ಕೆಳಗಿನ ನೀರೂ ತೆಳ್ಳಗಾಗುತ್ತಿದೆ, ಇನ್ನು ಹತ್ತು ನಿಮಿಷ ನಿಂತರೆ ನಾವೂ ಇಲ್ಲೇ. ಒಡಾಲಿ ಗಾಳದ ಕೋಲು ಎತ್ತಿಕೊಳ್ಳುತ್ತಾರೆ. ಗಾಳ ಕತ್ತರಿಸಿ ಸೀಸದ ದೊಡ್ಡ ಗುಂಡು ಕಟ್ಟುತ್ತಾರೆ. ಆ ಮಡಚದ ಬೆರಳುಗಳಲ್ಲಿ ಗಂಟು ಬೀಳುವುದನ್ನು ಕಾಯುವುದಿದೆಯಲ್ಲ, ಅಂಥ ಉದ್ದದ ಹೊತ್ತು ನನ್ನ ಬದುಕಿನಲ್ಲಿ ಬೇರೆ ಇಲ್ಲ. ಮೊದಲ ಬೀಸು ಎಡಕ್ಕೆ ಹೋಗುತ್ತದೆ. ಎರಡನೆಯದು ಕ್ಲೋವಿಸನ ಬೆನ್ನಿನ ಮೇಲೆ ಬೀಳುತ್ತದೆ.

ಅವನು ದಾರ ಎಳೆದುಕೊಳ್ಳುತ್ತಾನೆ. ಈ ತುದಿಗೆ ಒಡಾಲಿ ಕಟ್ಟಿದ ಹಗ್ಗ ದಾರದ ಹಿಂದೆ ಹೋಗುತ್ತದೆ. ಮರಗಟ್ಟಿದ ಕೈಯಲ್ಲಿ ಹೇಗೋ ಅದನ್ನು ಕಯಾಕಿನ ಮೂತಿಗೆ ಕಟ್ಟುತ್ತಾನೆ.

"ಐಸ್ ಪೆಟ್ಟಿಗೆ ಬಿಸಾಕು. ಭಾರ."

"ಮೂರು ಕೆಂಪು ಮೀನಿದೆ ಒಡಾಲಿ. ಒಳ್ಳೇ ಮೀನು."

"ನಿನ್ನ ಸಾವಿನೂಟಕ್ಕೆ ಮೂರು ಸಾಲಲ್ಲ. ಬಿಸಾಕು."

ಪೆಟ್ಟಿಗೆ ಹೋಗುತ್ತದೆ. ಬೂಟು ಕೆಸರಲ್ಲೇ ಉಳಿದು ಕಾಲು ಹೊರಬರುತ್ತದೆ. ನಾವಿಬ್ಬರೂ ಹಗ್ಗ ಹಿಡಿದು ಎಳೆಯುತ್ತೇವೆ, ಒಂದೊಂದು ಮೊಳ. ಬೋರಲು ಬಿದ್ದ ಮನುಷ್ಯನನ್ನು ಹೊತ್ತ ಪ್ಲಾಸ್ಟಿಕ್ ದೋಣಿ ಕೆಸರ ಮೇಲೆ ಜಾರಿ ಜಾರಿ ಬರುತ್ತದೆ. ಅವನನ್ನು ಒಳಗೆ ಎಳೆದುಕೊಂಡು, ಕಯಾಕನ್ನು ಹಿಂದಕ್ಕೆ ಕಟ್ಟಿ, ಹುಟ್ಟಿನಿಂದ ದಬ್ಬಿ ದಬ್ಬಿ ಕೊಳದ ಬಾಯಿ ದಾಟುವಾಗ ತಳ ಎರಡು ಸಲ ನಿಂತೇಬಿಡುತ್ತದೆ. ಎರಡು ಸಲವೂ ಬಿಡುತ್ತದೆ.

ಒಡಾಲಿ ಅವನಿಗೆ ಕಂಬಳಿ ಹೊದೆಸುತ್ತಾರೆ. ಆಮೇಲೆ, "ಸುಳ್ಳು ಬರೆದ್ರೆ ಏನಾಗುತ್ತೆ ಅಂತ ನಿನಗೂ ಗೊತ್ತಿತ್ತಲ್ಲ ಕ್ಲೋವಿಸ್," ಎನ್ನುತ್ತಾರೆ. "ಅವತ್ತು ಪೂರ್ವದ ಕೊಲ್ಲೀಲಿ ನನ್ನ ಪಕ್ಕ ಕೂತು ಇಡೀ ದಿನ ಹುಡುಕಿದವನು ನೀನೇ."

"ಗೊತ್ತಿತ್ತು." ಹಲ್ಲು ಕಟಕಟ ಎನ್ನುತ್ತಿದೆ. ಕಂಬಳಿಯೊಳಗಿಂದಲೇ ಸೇರಿಸುತ್ತಾನೆ, "ಬರೆದಿದ್ರೆ ಎಲ್ಲಾ ಬಂದುಬಿಡೋರು, ಒಡಾಲಿ."

ಇಂಥವನನ್ನು ಏನು ಮಾಡುವುದು? ನಗುವುದೋ ಹೊಡೆಯುವುದೋ ನನಗೆ ತಿಳಿಯುವುದಿಲ್ಲ. ಒಡಾಲಿ ಎಂಜಿನ್ ಜೋರು ಮಾಡುತ್ತಾರೆ.

ದಿಬ್ಬಕ್ಕೆ ಬಂದಾಗ ರಕ್ಷಣೆಯವರು ಕ್ಲೋವಿಸನನ್ನು ಬೆಚ್ಚಗಿನ ಆಂಬುಲೆನ್ಸಿಗೆ ಹತ್ತಿಸುತ್ತಾರೆ. ಆಸ್ಪತ್ರೆ ಬೇಡ ಎಂದು ಅವನ ಹಟ, ಯಾರೂ ಕೇಳಿಸಿಕೊಳ್ಳುವುದಿಲ್ಲ. ದಡದಲ್ಲಿದ್ದವರು ಎಲ್ಲಿ ಸಿಕ್ಕಿದ ಎಂದು ನನ್ನನ್ನು ಸುತ್ತುಗಟ್ಟುತ್ತಾರೆ. ಕಾಳಜಿ ಇದೆ, ನಿಜ. ಆದರೆ ಕೇಳುವಾಗ ಒಂದಿಬ್ಬರ ಕಣ್ಣು ಅವನ ಕಯಾಕಿನ ತಳದ ಕೆಸರಿನ ಮೇಲೂ ಇದೆ. ಒಡಾಲಿ ಕೊಳಾಯಿ ತಿರುಗಿಸಿ ಅದನ್ನು ತೊಳೆದುಬಿಡುತ್ತಾರೆ. ಆಮೇಲೆ ಒಳಗೆ ಹೋಗಿ ಒದ್ದೆ ಬಟ್ಟೆಯಿಂದ ಇಡೀ ಹಲಗೆಯನ್ನು ಒರೆಸುತ್ತಾರೆ.

ಮುಂದಿನ ಶನಿವಾರ ನಾನು ನನ್ನ ದೋಣಿ ತಂದೆ. ಹಲಗೆಯಲ್ಲಿ ಸೀಮೆಸುಣ್ಣ ಇರಲಿಲ್ಲ. ಪ್ರತಿ ಮೊಳೆಯ ಪಕ್ಕ ಬಟ್ಟೆ ಒಣಹಾಕುವ ಒಂದು ಕ್ಲಿಪ್, ಮೇಜಿನ ಮೇಲೆ ಚೀಟಿಗಳ ಕಟ್ಟು. ನಿಜವಾದ ಜಾಗ ಬರೆದು, ನಾಲ್ಕು ಮಡಿಕೆ ಮಾಡಿ, ಕೀಲಿಯ ಜೊತೆ ಸಿಕ್ಕಿಸಬೇಕು. ಮನುಷ್ಯ ಬಂದರೆ ಚೀಟಿ ಬಿಚ್ಚದೆಯೇ ಒಲೆಗೆ. ಬರದಿದ್ದರೆ ಮಾತ್ರ ಒಡಾಲಿ ಬಿಚ್ಚುತ್ತಾರೆ. ಪೆನ್ನು ಹಿಡಿದು ನಾನು ಎಷ್ಟು ಹೊತ್ತು ನಿಂತಿದ್ದೆನೆಂದು ಕೇಳಬೇಡಿ. ಬರೆದೆ. ಎಂಟು ವರ್ಷದಲ್ಲಿ ಮೊದಲ ನಿಜ.

ನನ್ನ ಹಿಂದೆ ನಿಂತಿದ್ದ ಕ್ಲೋವಿಸ್ ಹೊಸ ಬೂಟು ಹಾಕಿಕೊಂಡಿದ್ದ. ಒಂದು ಕಾಲನ್ನು ಇನ್ನೂ ಎಳೆದು ಹಾಕುತ್ತಿದ್ದ. ಅವನು ಕೈ ಅಡ್ಡ ಹಿಡಿದು ಬರೆದ, ಎಂಟು ಮಡಿಕೆ ಮಾಡಿದ, ಯಾರ ಮುಖವನ್ನೂ ನೋಡದೆ ಹೋದ.

ಮಧ್ಯಾಹ್ನ ಮೊಳೆಗಳೆಲ್ಲ ಖಾಲಿಯಾದವು, ತುಕ್ಕಿನ ಒಂದನ್ನು ಬಿಟ್ಟು. ಕಾಲ್ದೋ ಸಾರಿನ ಪಾತ್ರೆ ಒಲೆಯ ಮೇಲಿತ್ತು. ಒಡಾಲಿ ಚೀಟಿಗಳನ್ನು ಹಿಡಿಹಿಡಿಯಾಗಿ ಒಲೆಗೆ ಹಾಕುತ್ತಿದ್ದರು. ಕ್ಲೋವಿಸನ ಎಂಟು ಮಡಿಕೆಯ ಚೀಟಿ ಕೈಗೆ ಬಂದಾಗ ನಾನು ತಡೆದೆ. ಈ ಸಲವಾದರೂ ಮುದುಕ ನಿಜ ಬರೆದಿದ್ದಾನೋ ಇಲ್ಲವೋ, ಒಮ್ಮೆ ನೋಡಬಾರದೇ ಎಂದೆ.

ಅವರು ಚೀಟಿಯನ್ನು ಬೆರಳುಗಳ ನಡುವೆ ಒಂದು ಗಳಿಗೆ ಹಿಡಿದುಕೊಂಡರು, ಆಮೇಲೆ ಬೆಂಕಿಗೆ ಬಿಟ್ಟರು.

"ಇಂಥದ್ದು ಒಂದನ್ನೂ ಓದದೇ ಸಾಯಬೇಕು ನಾನು," ಎಂದರು. "ಇನ್ನೇನೂ ಬೇಡ. ತಗೋ, ನಿನ್ನ ಕೀಲಿ."