ತಿಪ್ಪವ್ವನನ್ನು ಯಾರ ಮನೆಯಲ್ಲಿ ಬರೆಯುವುದು?

ನಮ್ಮ ಓಣಿಯಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳಿದ್ದಾಳೆ. ಹೆಸರು ತಿಪ್ಪವ್ವ. ಮೊನ್ನೆ ಮೂರು ದಿನ ಭಾರತ ಸರ್ಕಾರ ಈಕೆಯನ್ನು ಕಳೆದುಕೊಂಡಿತ್ತು.

ಕಳೆದುಕೊಂಡ ಹೊತ್ತಿನಲ್ಲಿ ಆಕೆ ನಮ್ಮ ಕಟ್ಟೆಯ ಮೇಲೆ ಕುಳಿತು ಹುರಿದ ಶೇಂಗಾ ತಿನ್ನುತ್ತಿದ್ದಳು.

ಚುನಾವಣೆಯ ಗದ್ದಲ ಮುಗಿದು ಉಸಿರು ಬಿಡುವಷ್ಟರಲ್ಲಿ ಎಪ್ಪತ್ತೊಂದರ ಜನಗಣತಿ ಬಂತು. ನಿಮ್ಮಲ್ಲೂ ಬಂದಿರಬೇಕು. ಇಂಡಿ ಊರಿನ ನಮ್ಮ ಓಣಿಗೆ ಬಂದವರು ತಿಪ್ಪಣ್ಣ ಮಾಸ್ತರರು. ಶಾಲೆಯಲ್ಲಿ ಭೂಗೋಳ ಕಲಿಸುತ್ತಾರೆ. ನಮ್ಮ ಮನೆಯವರ ಸ್ನೇಹಿತರು, ನನಗೆ ವೈನಿ, ಅಂದರೆ ಅತ್ತಿಗೆ, ಎನ್ನುತ್ತಾರೆ. ಬಗಲಲ್ಲಿ ಚೀಟಿಗಳ ಕಟ್ಟು, ಜೇಬಿನಲ್ಲಿ ಎರಡು ಪೆನ್ನು (ಒಂದು ಸೋರುತ್ತದೆ), ತಲೆಯ ಮೇಲೆ ಒದ್ದೆ ಟವೆಲ್ಲು. ಮಾರ್ಚ್ ತಿಂಗಳ ನಮ್ಮ ಕಡೆಯ ಬಿಸಿಲಿಗೆ ಸರ್ಕಾರ ಬೇರೆ ಏನೂ ಕೊಟ್ಟಿರಲಿಲ್ಲ.

ಒಬ್ಬೊಬ್ಬರಿಗೆ ಒಂದೊಂದು ಚೀಟಿ. ನನಗೊಂದು, ನಮ್ಮವರಿಗೊಂದು (ಅವರ ಹೆಸರು ನಾನು ಹೇಳುವಂತಿಲ್ಲ, ಮಾಸ್ತರರೇ ಬರೆದುಕೊಂಡರು), ನಾಲ್ಕು ಮಕ್ಕಳಿಗೆ ನಾಲ್ಕು. ನನ್ನ ತಾಯಿ ಹನ್ನೊಂದು ಹೆತ್ತು ಐದನ್ನು ಉಳಿಸಿಕೊಂಡಳು. ನಾನು ನಾಲ್ಕು ಹೆತ್ತೆ, ನಾಲ್ಕೂ ಉಂಡು ಜಗಳಾಡಿಕೊಂಡಿವೆ. ಸಿಡುಬಿಗೆ ದೇವಿ ಹಾಕುವವರು ಮನೆಗೇ ಬಂದು ಮಕ್ಕಳ ತೋಳು ಚುಚ್ಚಿ ಹೋದರು, ದವಾಖಾನೆ ನಡೆದು ಹೋಗುವಷ್ಟು ದೂರದಲ್ಲಿದೆ, ಶಿವನ ಕಣ್ಣು ನಮ್ಮ ಮೇಲಿದೆ. ಇಷ್ಟನ್ನು ದಿನಾ ವಿಭೂತಿ ಹಚ್ಚಿಕೊಳ್ಳುವಾಗ ನೆನೆಯುತ್ತೇನೆ.

ಚೀಟಿ ಬರೆದಾದ ಮೇಲೆ ಮಾಸ್ತರರ ಕಣ್ಣು ಕಟ್ಟೆಯ ಮೇಲೆ ಬಿತ್ತು.

"ವೈನಿ, ಇದು ಯಾರದ್ರಿ?"

"ಬಾಜೂ ಮನೀದ್ರಿ," ಎಂದೆ.

ಪಕ್ಕದ ಗಂಗವ್ವನ ಮನೆಯನ್ನು ಅವರು ಮುಗಿಸಿಕೊಂಡೇ ಬಂದಿದ್ದರು. ಸರಿ ಎಂದು ಚಹಾ ಕುಡಿದು ಹೋದರು. ಮೂರನೇ ದಿನ ಚೀಟಿ ಜೋಡಿಸುವಾಗ ನೋಡುತ್ತಾರೆ, ಬಾಜೂ ಮನೆಯಲ್ಲಿ ಎರಡೇ ಚೀಟಿ. ಗಂಡ, ಹೆಂಡತಿ. ಓಡೋಡಿ ಬಂದರು.

"ಏನ್ ವೈನಿ, ನನ್ನ ನೌಕರಿ ತಗೀಬೇಕಂತ ಮಾಡೀರೇನು? ಆ ಗಂಗವ್ವ ತನ್ನ ಮನ್ಯಾಗ ಕೂಸ ಇಲ್ಲ ಅಂದಾಳ. ನೀವು ನೋಡಿದ್ರ ಆಕೀದು ಅಂತೀರಿ. ಹುಡುಗಿ ಆಕಾಶದಿಂದ ಬಿದ್ದಾಳೇನು?"

ಆಕಾಶದಿಂದಲ್ಲ, ತಿಪ್ಪೆಯಿಂದ. ತಪ್ಪು ನನ್ನದೂ ಇದೆ, ಹೇಳಿಬಿಡುತ್ತೇನೆ.

ಗಂಗವ್ವ ಝಳಕಿಯ ಹೆಣ್ಣುಮಗಳು. ಗಂಡ ಇಲ್ಲಿ ಹಮಾಲಿ ಮಾಡುತ್ತಾನೆ. ಆಕೆಯ ಮೊದಲಿನ ಮೂರು ಕೂಸುಗಳು ಉಳಿಯಲಿಲ್ಲ. ಒಂದು ತೊಟ್ಟಿಲು ಏರುವ ಮೊದಲೇ ಹೋಯಿತು. ಇನ್ನೊಂದು ವಾಂತಿಭೇದಿಗೆ. ಮೂರನೆಯದು ನಡೆಯಲು ಕಲಿತು, ಅವ್ವಾ ಎನ್ನಲು ಕಲಿತು, ಆಮೇಲೆ ಹೋಯಿತು. ನಾಲ್ಕನೆಯದು ಹುಟ್ಟಿದಾಗ ಆಕೆಯ ಅತ್ತೆ ಕೂಸನ್ನು ಮೊರದಲ್ಲಿ ಮಲಗಿಸಿ ಓಣಿಯ ತುದಿಯ ತಿಪ್ಪೆಯ ಮೇಲಿಟ್ಟು, ಹಿಂದೆ ತಿರುಗಿ ನೋಡದೆ ಬಂದಳು. ಮೊದಲೇ ಮಾತಾಗಿದ್ದಂತೆ ನಾನು ದಾರಿಹೋಕಳ ಹಾಗೆ ಆ ಕಡೆ ಹೋದೆ. "ಅಯ್ಯ, ಯಾರೋ ಒಗದು ಹೋಗ್ಯಾರಲ್ಲ!" ಎಂದು ಗಟ್ಟಿಯಾಗಿ ಹೇಳಿ ಎತ್ತಿಕೊಂಡು ಮನೆಗೆ ಬಂದೆ. ಗಂಗವ್ವ ನಮ್ಮ ಬಾಗಿಲಿಗೆ ಬಂದಳು, ಒಂದು ಮೊರ ತೌಡು ಕೊಟ್ಟಳು, "ಈ ಕೂಸ ನನಗ ಸಾಕಾಕ ಕೊಡ್ರಿ ಅಕ್ಕಾರ" ಎಂದಳು. ಕೊಟ್ಟೆ. ತೌಡನ್ನು ಎಮ್ಮೆ ತಿಂದಿತು.

ಅಂದಿನಿಂದ ತಿಪ್ಪವ್ವ ನನ್ನವಳು, ಗಂಗವ್ವ ಸಾಕುವವಳು. ಯಾರೋ ಎಸೆದ ಕೂಸು, ಯಾರಿಗೂ ಬೇಡವಾದದ್ದು, ಅದರ ಮೇಲೆ ಸಾವಿಗಾದರೂ ಯಾಕೆ ಕಣ್ಣು ಬಿದ್ದೀತು? ನಮ್ಮ ಕಡೆ ಇದನ್ನು ವಿವರಿಸಿ ಹೇಳುವ ಪದ್ಧತಿಯಿಲ್ಲ. ತಿಪ್ಪೆಯ ಹೆಸರು ಕೇಳಿದರೆ ಸಾಕು, ತಿಳಿಯುತ್ತದೆ.

ಗಂಗವ್ವ ತನ್ನ ಮಾತಿಗೆ ತಪ್ಪಲಿಲ್ಲ. ಸರ್ಕಾರ ಬಂದು ಕೇಳಿದರೂ ನನ್ನದು ಎನ್ನಲಿಲ್ಲ. ಮರೆತು ಬಾಜೂ ಮನೆಯದು ಎಂದವಳು ನಾನು. ನಾಲ್ಕು ವರ್ಷ ಕೂಸು ಗಟ್ಟಿಮುಟ್ಟಾಗಿ ಓಡಾಡಿದ್ದರಿಂದಲೇ ನನಗೆ ಮರೆವು ಬಂತು. (ನೆಮ್ಮದಿ ಹೆಚ್ಚಾದರೆ ಹೀಗೇ ಆಗುತ್ತದೆ.)

ಮಾಸ್ತರರನ್ನು ಕೂಡಿಸಿ ಎರಡನೇ ಚಹಾ ಮಾಡಿದೆ. ಅವರು ಸಿಟ್ಟಿನಲ್ಲಿ ನನಗೆ ಜಗತ್ತಿನ ಭೂಗೋಳ ಹೇಳತೊಡಗಿದರು.

"ರಷ್ಯಾದಾಗ ಹತ್ತು ಮಕ್ಕಳನ್ನ ಹಡದು ಬೆಳಿಸಿದಾಕಿಗೆ ಸರ್ಕಾರ ಪದಕ ಕೊಡತೈತಿ ವೈನಿ. ಯುದ್ಧದಾಗ ಮಂದಿ ಭಾಳ ಸತ್ತರು ನೋಡ್ರಿ, ಮಂದಿ ಬೇಕಾಗ್ಯಾರ. ಜರ್ಮನಿ, ಫ್ರಾನ್ಸ್ ಕಡೆ ಹಡಿಯೂದ ಕಡಿಮಿ ಆಗಾಕತ್ತೈತಿ, ಮುದುಕರು ಹೆಚ್ಚಾಗಾಕತ್ತಾರ. ಇಲ್ಲಿ ನಮ್ಮಲ್ಲಿ ಸಾಕು ಮಾಡ್ರಿ ಅಂತ ಗ್ವಾಡಿಗೆಲ್ಲ ಕುಟುಂಬ ಯೋಜನೀ ಕೆಂಪು ತ್ರಿಕೋನ ಬರಸ್ಯಾರ. ಒಂದೊಂದು ದೇಶಕ್ಕ ಒಂದೊಂದು ಚಿಂತಿ."

"ಅಲ್ಲಿ ಯಾಕ ಕಡಿಮಿ ಹಡೀತಾರ್ರಿ?"

"ಶ್ಯಾಣ್ಯಾರು ಅದಾರ. ಸಾಲಿ ಕಲತಾರ."

"ಅಲ್ಲಿ ಕೂಸುಗೋಳು ಸಾಯ್ತಾವೇನ್ರಿ?"

ಮಾಸ್ತರರು ಬಸಿಯಲ್ಲಿ ಸುರಿದ ಚಹಾ ಊದಿದರು. "ಕಡಿಮಿ," ಎಂದರು.

ಫ್ರಾನ್ಸಿನ ಹೆಂಗಸಿಗೂ ನನಗೂ ನಡುವೆ ಏನು ವ್ಯತ್ಯಾಸ, ನನಗೂ ಗಂಗವ್ವನಿಗೂ ನಡುವೆ ಏನು ವ್ಯತ್ಯಾಸ? ಶ್ಯಾಣ್ಯಾತನವೇ? ನಾನು ಓದಿದ್ದು ಏಳನೇ ಇಯತ್ತೆ. ನಾಲ್ಕಕ್ಕೆ ನಿಲ್ಲಿಸಿದ್ದು ಜಾಣೆಯೆಂದಲ್ಲ. ನಾಲ್ಕೂ ಉಳಿದವೆಂದು.

ಕೊನೆಗೆ ಇಬ್ಬರೂ ಗಂಗವ್ವನ ಮನೆಗೆ ಹೋದೆವು. ಆಕೆ ರೊಟ್ಟಿ ಬಡಿಯುತ್ತಿದ್ದಳು. ಐದು ತಿಂಗಳ ಬಸುರಿ. ಮಾಸ್ತರರನ್ನು ನೋಡಿದ ಕೂಡಲೇ ಸೆರಗು ಎಳೆದುಕೊಂಡು, ತಿಪ್ಪವ್ವನನ್ನು ಬೆನ್ನ ಹಿಂದೆ ಸರಿಸಿದಳು.

"ಗಂಗವ್ವ, ಹುಡುಗಿ ಹೆಸರ ಬರಸು."

"ನನ್ನ ಕೂಸ ಅಲ್ರಿ ಅದು. ಅಕ್ಕಾರದು."

"ಮಾಸ್ತರ, ನನ್ನ ಮನೀ ಚೀಟ್ಯಾಗ ಬರ್ಕೋರಿ, ಮುಗೀತು," ಎಂದೆ.

"ಹಂಗ ಬರಿಯಾಂಗಿಲ್ಲ ವೈನಿ. ಯಾರು ಎಲ್ಲಿ ಇರ್ತಾರ ಅಲ್ಲೇ ಬರೀಬೇಕು. ಹುಡುಗಿ ರಾತ್ರಿ ಎಲ್ಲಿ ಮಲಗತಾಳ?"

ತಿಪ್ಪವ್ವ ಬೆನ್ನ ಹಿಂದಿನಿಂದ ತಲೆ ಹೊರಗೆ ಹಾಕಿ, "ಅವ್ವನ ಹತ್ರ" ಎಂದಳು.

ಗಂಗವ್ವನ ಕೈಯಲ್ಲಿದ್ದ ರೊಟ್ಟಿ ಹರಿಯಿತು.

"ಬ್ಯಾಡ್ರಿ ಯಪ್ಪಾ, ಕಾಲ ಬೀಳ್ತೇನಿ. ಮೂರನ್ನ ನಂದು ನಂದು ಅಂತ ಊರ ತುಂಬ ಹೇಳ್ಕೊಂಡ ತಿರಗಿದೆ, ಮೂರೂ ಹ್ವಾದವು. ಇದನ್ನ ನನ್ನ ಹೆಸರ ಮುಂದ ಬರೀಬ್ಯಾಡ್ರಿ."

"ಎಲಾ ಇವಳ! ಇಂಥಾ ಮೂಢನಂಬಿಕಿ ಇಟಗೊಂಡ್ರ ದೇಶ ಹೆಂಗ ಮುಂದ ಹೋಗಬೇಕು?"

ಗಂಗವ್ವ ಕಣ್ಣೊರೆಸಿಕೊಂಡು ನೇರವಾಗಿ ಕೇಳಿದಳು. "ನಿಮ್ಮ ಹೆಸರೇನ್ರಿ ಮಾಸ್ತರ?"

ಮಾಸ್ತರರ ಕೈಯಲ್ಲಿ ಪೆನ್ನು ನಿಂತಿತು. (ಸೋರುವ ಪೆನ್ನು. ಚೀಟಿಯ ಮೇಲೆ ಒಂದು ಹನಿ ಬಿತ್ತು.)

"ನಿಮ್ಮ ಮದಲ ಎಷ್ಟ ಕೂಸ ಹೋಗಿದ್ದುವ್ರಿ?"

ಒಲೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಯಾರೂ ಅದನ್ನು ತಿರುವಿ ಹಾಕಲಿಲ್ಲ.

"ನಾಕು," ಎಂದರು ತಿಪ್ಪಣ್ಣ ಮಾಸ್ತರರು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ನಮ್ಮ ಮುದ್ದೇಬಿಹಾಳದಾಗ ನನ್ನ ತಿಪ್ಪಿಯಿಂದ ಎತ್ತಿಕೊಂಡಾಕಿ ಒಬ್ಬಾಕಿ ಬಳಿಗಾರ್ತಿ. ಆಕಿ ಸಾಯೂತನಕ ಆಕೀಗೂ ಅವ್ವ ಅಂತಿದ್ದೆ," ಎಂದರು.

ಹೊಸ ಚೀಟಿ ತೆಗೆದರು. ಹೆಸರು ಬರೆದರು. ವಯಸ್ಸು ಬರೆದರು. ಮನೆ ಗಂಗವ್ವನದೇ. ಮನೆಯ ಯಜಮಾನನಿಗೆ ಏನಾಗಬೇಕು ಎಂಬಲ್ಲಿ ಬಂದು ನಿಂತರು. ನನ್ನ ಮುಖ ನೋಡಿದರು, ಗಂಗವ್ವನ ಮುಖ ನೋಡಿದರು. ಸಾಕಿದ ಮಗಳು, ಎಂದು ಬರೆದರು. ಗಟ್ಟಿಯಾಗಿ ಓದಿ ಹೇಳಿದರು. ಗಂಗವ್ವ ಉಸಿರು ಬಿಟ್ಟಳು.

ಹೀಗಾಗಿ ನಮ್ಮ ದೇಶದ ಜನಸಂಖ್ಯೆ ಒಂದು ಹೆಚ್ಚಾಯಿತು, ಗಂಗವ್ವ ಮಾತ್ರ ಸರ್ಕಾರದ ಮಟ್ಟಿಗೆ ಇನ್ನೂ ಒಂದನ್ನೂ ಹೆತ್ತಿಲ್ಲ. ಆ ಚೀಟಿ ಲೆಕ್ಕದಲ್ಲಿ ಸೇರಿ, ಆ ಲೆಕ್ಕ ಪುಸ್ತಕವಾಗಿ, ಅದನ್ನು ಓದಿದ ದೊಡ್ಡವರು ನಮ್ಮ ಬಗ್ಗೆ ಏನು ತಿಳಿಯುತ್ತಾರೋ, ನನಗೆ ಗೊತ್ತಿಲ್ಲ. ನಾನು ಲಚ್ಯಾಣದ ಮಠಕ್ಕೆ ಒಂದು ಕಾಯಿ ಹರಕೆ ಹೊತ್ತಿದ್ದೇನೆ. ಸುಳ್ಳು ಬರೆಸಿದ್ದಕ್ಕೆ ಅರ್ಧ, ಹುಡುಗಿಗೆ ಅರ್ಧ.

ಏಳುವಾಗ ಮಾಸ್ತರರಿಗೆ ತಾವು ಸರ್ಕಾರದ ಕಡೆಯವರೆಂಬುದು ನೆನಪಾಯಿತು. "ಗಂಗವ್ವ, ಈಗ ಬಸುರಿದ್ದಿ. ಇದೊಂದು ಆದ ಮ್ಯಾಲ ದವಾಖಾನಿಗೆ ಹೋಗಿ ಕೇಳು. ಎರಡು ಸಾಕು, ಏನಂತಿ?"

"ಎರಡ ಸಾಕ್ರಿ ಮಾಸ್ತರ," ಎಂದಳು ಗಂಗವ್ವ, ಹೊಸ ರೊಟ್ಟಿಗೆ ಹಿಟ್ಟು ತೆಗೆದುಕೊಳ್ಳುತ್ತ. "ಯಾವ ಎರಡು ಉಳೀತಾವ ಅನ್ನೂದನ್ನ ಮದಲ ಬರದ ಕೊಟ್ಟು ಹೋಗ್ರಿ."

ಮಾಸ್ತರರ ಬಳಿ ಅಂಥ ಚೀಟಿ ಇರಲಿಲ್ಲ. ದೆಹಲಿಯಲ್ಲಿದೆಯೇ?