ಶಾಮಣ್ಣ ಕಟ್ಟಿದ ಕಂಪ್ಯೂಟರು

ಶಾಮಣ್ಣನ ಕೈಗೆ ಏನು ಕೊಟ್ಟರೂ ಮೊದಲು ಅದನ್ನು ತಿರುಗಿಸಿ ಬೆನ್ನು ನೋಡುತ್ತಿದ್ದ. ರೇಡಿಯೋ, ಇಸ್ತ್ರಿ ಪೆಟ್ಟಿಗೆ, ಗೋಡೆ ಗಡಿಯಾರ ಆದರೆ ಸರಿ. ನಾನು ಮದುವೆಯಾಗಿ ಹೊಸೂರು ಪಕ್ಕದ ಮೂಕಂಡಪಲ್ಲಿಯ ಆ ಸಾಲುಮನೆಗೆ ಬಂದ ಹೊಸತರಲ್ಲಿ, ಪಕ್ಕದ ಮನೆಯವನಲ್ಲವೇ ಎಂದು ನಮ್ಮ ಮದುವೆಯ ಫೋಟೋ ತೋರಿಸಿದೆ. ಅದನ್ನೂ ತಿರುಗಿಸಿ, ಫ್ರೇಮಿನ ಹಿಂದಿನ ಮೊಳೆಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಚೆನ್ನಾಗ್ ಹೊಡ್ದವ್ನೆ" ಎಂದು ವಾಪಸು ಕೊಟ್ಟ. ಫೋಟೋದಲ್ಲಿ ನಾನು ಹೇಗಿದ್ದೇನೆ ಎಂದು ಕಣ್ಣೆತ್ತಿಯೂ ನೋಡಲಿಲ್ಲ. ನನಗೆ ಮೈಯುರಿದುಹೋಯಿತು. "ಮುಂದ್ಗಡೆಯೆಲ್ಲಾ ಸೋಕಿ ಕಣ್ ಸರೋಜಮ್ಮ, ಹಿಂದ್ಗಡೆ ಐತೆ ನೋಡು ಕೆಲ್ಸ" ಎಂದು ತನ್ನಷ್ಟಕ್ಕೆ ನಕ್ಕ.

ಅವನು ಉದ್ದನಪಲ್ಲಿಯವನು. ಹೊಲ ಅಣ್ಣತಮ್ಮಂದಿರ ಪಾಲಿಗೆ ಬಿಟ್ಟು, ಹೊಸೂರಿನ ಒಂದು ಕಾರ್ಖಾನೆಯಲ್ಲಿ ಕೆಟ್ಟ ಮೆಷೀನುಗಳ ವಯರಿಂಗ್ ನೋಡುವ ಕೆಲಸಕ್ಕೆ ಸೇರಿದ್ದ. ಮೈಯಿಂದ ಸದಾ ಬೆಸುಗೆಯ ಹೊಗೆ ವಾಸನೆ. ನಲವತ್ತರ ಹತ್ತಿರ ಬಂದಿದ್ದರೂ ಮದುವೆಯಿಲ್ಲ. ಈ ವಿಷಯದಲ್ಲಿ ಸಾಲುಮನೆಯವರೆಲ್ಲ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದೆವು. ಏಕೆಂದರೆ ಅವನ ತಾಯಿ ಮುನಿಯಮ್ಮಜ್ಜಿಯ ಕಸುಬೇ ಹೆಣ್ಣು ಗಂಡು ಕೂಡಿಸುವುದು.

ಅವರ ಮನೆಯ ಮುಂದಿನ ಕೋಣೆಯೇ ಅಜ್ಜಿಯ ಆಫೀಸು. ಒಂದು ಚಾಪೆ, ಎಲೆಯಡಿಕೆ ತಟ್ಟೆ, ಬಂದವರಿಗೆ ಒಂದು ಮಡಚುವ ಕುರ್ಚಿ. ಅವಲಪಲ್ಲಿಯಿಂದ ರಾಯಕೋಟೆಯವರೆಗೆ, ಆ ಕಡೆ ಮಾಲೂರಿನವರೆಗೆ ಯಾರ ಮನೆಯಲ್ಲಿ ಹೆಣ್ಣಿದೆ, ಯಾರದು ಯಾವ ನಕ್ಷತ್ರ, ಕುಲದೊಳಗೆ ಯಾವ ಬೆಡಗು, ಯಾವ ಮಾವನಿಗೆ ಮೂಗಿನ ಮೇಲೆ ಕೋಪ, ಎಲ್ಲ ಅವಳ ತಲೆಯಲ್ಲಿತ್ತು. ತಮಿಳರೊಡನೆ ತಮಿಳು, ತೆಲುಗರೊಡನೆ ತೆಲುಗು ಆಡುತ್ತಿದ್ದಳು. ಬೈಯುವುದು ಮಾತ್ರ ಕನ್ನಡದಲ್ಲಿ. ಮಗನಿಗೂ ತರದ ಹೆಣ್ಣಿಲ್ಲ. ಅವನು ಒಂದನ್ನೂ ಒಪ್ಪಲಿಲ್ಲ. "ಹೆಣ್ಣನ್ ತಿರುಗ್ಸಿ ನೋಡಾಕಾಗಲ್ವಲ್ಲ, ಅದ್ಕೇ ಬೇಡ ಅಂತಾನೆ ನನ್ ಮಗ" ಎನ್ನುತ್ತಿದ್ದಳು ಅಜ್ಜಿ.

ಆ ತಲೆ ಸೋರತೊಡಗಿದ್ದು ಯಾವಾಗ ಎಂದು ನಮಗೆ ಗೊತ್ತಾಗಲಿಲ್ಲ. ಒಂದು ಸಲ ಅಕ್ಕತಂಗಿ ಇಬ್ಬರಿಗೂ ಒಬ್ಬನೇ ಗಂಡನ್ನು ಹೇಳಿಬಂದಳು. ವಯಸ್ಸು ಎಂದುಕೊಂಡು ಸುಮ್ಮನಾದೆವು. ಆಮೇಲೆ ಒಂದು ಹೆಣ್ಣಿನ ಮನೆಯವರನ್ನು ಕೆಲಮಂಗಲಕ್ಕೆ ಕರೆದುಕೊಂಡು ಹೋದಳು. ತಟ್ಟೆಯಲ್ಲಿ ವೀಳ್ಯ ಇಟ್ಟು ಮಾತು ಶುರುವಾದಾಗ ತಿಳಿಯಿತು, ಎರಡೂ ಮನೆಯವರದು ಒಂದೇ ಬೆಡಗು. ಅಂದರೆ ಹುಡುಗ ಹುಡುಗಿ ವರಸೆಯಲ್ಲಿ ಅಣ್ಣ ತಂಗಿ. ಇಟ್ಟ ಉಪ್ಪಿಟ್ಟನ್ನು ಯಾರೂ ಮುಟ್ಟಲಿಲ್ಲವಂತೆ, ಎದ್ದುಹೋದರಂತೆ. ಅಜ್ಜಿ ಒಬ್ಬಳೇ ಬಸ್ಸು ಹತ್ತಿ ಬಂದು ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತಳು. ಎರಡು ದಿನ ಊಟಕ್ಕೆ ಏಳಲಿಲ್ಲ. ಮೂರನೆಯ ದಿನ ಮಗನಿಗೆ ಹೇಳಿದ್ದು ಒಂದೇ ಮಾತು: "ಇವತ್ ಬೆಡಗು ಮರ್ತೆ. ನಾಳೀಕೆ ನಿನ್ನೂ ಮರೀತೀನೇನ್ಲಾ?"

ಶಾಮಣ್ಣ ಮುಂದಿನ ಭಾನುವಾರ ಬೆಂಗಳೂರಿಗೆ ಹೋಗಿ ಗುಜರಿ ಅಂಗಡಿಗಳಿಂದ ಒಂದು ಚೀಲ ಸಾಮಾನು ತಂದ. ಕಂಪ್ಯೂಟರು ಮಾಡುತ್ತಾನಂತೆ ಎಂದು ತಿಳಿದಾಗ ನನ್ನ ಅತ್ತೆ, "ರಾಕೆಟ್ಟೂ ಮಾಡ್ಲಿ ಬಿಡು" ಎಂದರು. ಯಾವುದೋ ಪತ್ರಿಕೆಯಲ್ಲಿ ಬಂದಿದ್ದ ನಕ್ಷೆ ಹಿಡಿದು ತಿಂಗಳುಗಟ್ಟಲೆ ಕೂತ. ಕಾರ್ಖಾನೆಯಲ್ಲಿ ಎಸೆದಿದ್ದ ಯಾವುದೋ ಯಂತ್ರದಿಂದ ಕೀಲಿಮಣೆ ಬಂತು. ಒಳಗಿನ ಬೋರ್ಡು ಕೂತದ್ದು ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ. ಪರದೆಗೆ ಅವರ ಹಳೆಯ ಕಪ್ಪು ಬಿಳುಪು ಟೀವಿ. ಕೆಲಸ ಮುಗಿದಾಗ ಆಯುಧಪೂಜೆ ಬಂದಿತ್ತು. ಅಜ್ಜಿ ಡಬ್ಬಕ್ಕೆ ಅರಿಶಿನ ಕುಂಕುಮ ಹಚ್ಚಿ, ಅದರ ಸಂದುಗಳೊಳಕ್ಕೂ ತೀರ್ಥ ಚಿಮುಕಿಸಿದಳು. ಚಟ್ ಎಂದಿತು. ಮತ್ತೆ ಒಂದು ತಿಂಗಳು ಕೂತ. ತಾಯಿಗೆ ಒಂದು ಮಾತೂ ಅನ್ನಲಿಲ್ಲ.

ಅದು ನಡೆಯತೊಡಗಿದ ಮೇಲೆ ಸಂಜೆ ಸಂಜೆ ಅಜ್ಜಿ ಹೇಳುವುದು, ಮಗ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡವನ್ನೇ ಒತ್ತುವುದು. ಹುಡುಗ, ಊರು, ಬೆಡಗು, ತಂದೆ, ತಾಯಿ. ಒತ್ತಿದ್ದನ್ನೆಲ್ಲ ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿಗೆ ತುಂಬುತ್ತಿದ್ದ. ಕ್ಯಾಸೆಟ್ ತಿರುಗಿಸಿದರೆ ಹಂದಿಮರಿ ಹಿಡಿದ ಹಾಗೆ ಕಿರುಚುತ್ತಿತ್ತು. "ಅದೇ ಅಮ್ಮನ್ ಗ್ಯಾಪ್ಕ" ಎಂದ ನನಗೆ. ಜ್ಞಾಪಕಕ್ಕೆ ಆ ದನಿ ಇದ್ದರೆ ಯಾರಿಗೆ ತಾನೆ ಬೇಕು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಇನ್ನೊಂದು ಫಜೀತಿ ನಮ್ಮ ಪಾಲಿಗೆ ಬಂತು. ಎರಡು ಮನೆಗೂ ಮೇಲೆ ಒಂದೇ ಆಂಟೆನಾ, ಅದರಿಂದ ಎರಡು ವಯರು. ಶಾಮಣ್ಣ ಕಂಪ್ಯೂಟರಿನಲ್ಲಿ ಒತ್ತಿದ್ದು ಆ ವಯರು ಹತ್ತಿ ನಮ್ಮ ಟೀವಿಗೆ ಇಳಿಯುತ್ತಿತ್ತು. ಭಾನುವಾರದ ಸಿನಿಮಾ ನೋಡುತ್ತಾ ಕೂತಿರುವಾಗ ನಾಯಕಿಯ ಹಣೆಯ ಮೇಲೆ ಮಸುಕಾಗಿ ಕೆಲಮಂಗಲದ ಗಂಡು ಮೂಡುತ್ತಿದ್ದ, ನಕ್ಷತ್ರ ಸಮೇತ. ನಾನು ಹೋಗಿ ಹೇಳಿದೆ. "ಸರಿ ಮಾಡ್ತೀನಿ" ಎಂದ. ಮಾಡಲಿಲ್ಲ. ಅಮ್ಮ ಮಾತಾಡುವ ಮನಸ್ಸಿನಲ್ಲಿದ್ದಾಗ ಬಿಚ್ಚಿ ಕೂರಲು ಅವನಿಗೆ ಧೈರ್ಯವಿರಲಿಲ್ಲ.

ಅಜ್ಜಿಗೋ ಆ ಡಬ್ಬದೊಳಗೆ ಒಬ್ಬ ಹೆಂಗಸು ಸೇರಿಕೊಂಡಿದ್ದಾಳೆ ಎಂಬ ನಂಬಿಕೆ ಬಂತು. ಹೋಗಿ ಬರುವವರಿಗೆಲ್ಲ ಹೇಳುತ್ತಿದ್ದಳು: "ನನ್ನೇನ್ ಕೇಳ್ತೀಯ, ಒಳ್ಗಿರೋಳ್ನ ಕೇಳು. ಅವ್ಳಿಗೆಲ್ಲಾ ಗೊತ್ತು. ನನ್ ಬಾಯಿಂದ ಒಂದೊಂದಾಗಿ ಕಿತ್ಕೊಂಡ್ಳು." ಇದನ್ನು ಹೇಳುವಾಗ ಅವಳ ಕಣ್ಣು ಡಬ್ಬವನ್ನು ಬಿಟ್ಟು ಅಲ್ಲಾಡುತ್ತಿರಲಿಲ್ಲ. ಮೊದಲು ನಕ್ಕೆವು. ಒಂದು ಮಧ್ಯಾಹ್ನ ನಾನು ಸಾರು ಕೊಡಲು ಹೋದಾಗ, ಅಜ್ಜಿ ಡಬ್ಬದ ಮುಂದೆ ಕೂತು ಪಿಸುಗುಟ್ಟುತ್ತಿದ್ದಳು: "ನನ್ ಹೆಸ್ರು ಏನ್ ಹೇಳ್ ತಾಯಿ." ಆಮೇಲೆ ನನಗೆ ನಗು ಬರಲಿಲ್ಲ. ಸಾರಿನ ಪಾತ್ರೆ ಅಲ್ಲೇ ಇಟ್ಟು ಓಡಿಬಂದೆ.

ಮಗನ ಭಯ ಏನೆಂದು ಆಗ ನನಗೆ ಅರ್ಥವಾಯಿತು. ಬೆಡಗು, ನಕ್ಷತ್ರ ಎಲ್ಲ ನೆಪ. ಅಜ್ಜಿಯ ತಲೆಯಲ್ಲಿ ತಾನಿರುವ ಜಾಗ ಒಂದು ಉಳಿದರೆ ಸಾಕಾಗಿತ್ತು ಅವನಿಗೆ. ದಿನಾ ಕೆಲಸದಿಂದ ಬಂದವನು ಬಾಗಿಲಲ್ಲೇ ನಿಂತು, "ಯಾರ್ ಬಂದೋರು?" ಎಂದು ತಾನೇ ಕೇಳುತ್ತಿದ್ದ. "ನನ್ ಮಗ, ಇನ್ಯಾರು" ಎಂದು ಅಜ್ಜಿ ಹೇಳಿದ ಮೇಲೆಯೇ ಚಪ್ಪಲಿ ಬಿಡುತ್ತಿದ್ದ.

ಒಂದು ಭಾನುವಾರದ ಸಂಜೆ ನಾನೂ ಅತ್ತೆಯೂ ಸಿನಿಮಾ ಹಾಕಿ ಕೂತಿದ್ದೆವು. ಹೆಂಚಿನ ಮನೆಗಳು, ನಡುಗೋಡೆ ಸೂರಿಗೆ ಮುಟ್ಟಿರಲಿಲ್ಲ. ಆ ಮನೆಯ ಮಾತು ಈ ಮನೆಗೆ ಕೇಳುತ್ತಿತ್ತು. ಅಜ್ಜಿ ಅವತ್ತು ಗೆಲುವಾಗಿದ್ದಳು.

"ಬರ್ಕೊಳಪ್ಪ, ಒಂದ್ ಒಳ್ಳೇ ಗಂಡೈತೆ. ಉದ್ದನಪಲ್ಲಿಯೋನು. ಶಾಮಣ್ಣ ಅಂತ."

ನಮ್ಮ ಟೀವಿಯಲ್ಲಿ ಮೂಡುತ್ತಿದ್ದ ಅಕ್ಷರ ನಿಂತಿತು. ಅಕ್ಷರ ಬರಬೇಕಾದಲ್ಲಿ ಬಿಳಿ ಚೌಕವೊಂದು ಮಿಟುಕುತ್ತಲೇ ಇತ್ತು.

"ಬರ್ಕೊಂಡ್ಯೇನಪ್ಪ?"

"ಬರ್ಕೊಂಡೆ ಅಮ್ಮ."

"ಪ್ಯಾಕ್ಟ್ರೀಲಿ ಕೆಲ್ಸ. ಕುಡಿಯಾಕಿಲ್ಲ. ಮಾತ್ ಕಮ್ಮಿ, ಆದ್ರೆ ಹೊಟ್ಟೇಲಿ ಕೆಟ್ದಿಲ್ಲ."

"ತಂದೆ?"

"ಹೋಗ್ಬುಟ್ಟ, ಹುಡ್ಗ ಚಿಕ್ಕೋನಿದ್ದಾಗ್ಲೇ."

ಶಾಮಣ್ಣ ಬಹಳ ಮೆಲ್ಲಗೆ, "ತಾಯಿ?" ಎಂದ.

"ತಾಯೀನೂ ಇಲ್ಲ ಪಾಪ. ಒಂಟಿ ಕಣಪ್ಪ. ಅದ್ಕೇ ಬಿರ್ರನೆ ಒಂದ್ ಹೆಣ್ ನೋಡ್ಬೇಕು."

ನಮ್ಮ ಟೀವಿಯಲ್ಲಿ ತಾಯಿ ಎಂಬುದರ ಮುಂದೆ ಒಂದೊಂದೇ ಅಕ್ಷರ ಬಂತು. ಮುನಿಯಮ್ಮ.

"ಏನಂತ ಬರ್ದೆ?" ಎಂದಳು ಅಜ್ಜಿ.

"ನೀನ್ ಹೇಳಿದ್ದೇ."

ಅತ್ತೆಗೆ ಇಂಗ್ಲಿಷ್ ಬಾರದು. "ಏನೈತೆ ಅದ್ರಾಗೆ, ಯಾಕ್ ಅಳ್ತಾ ಇದ್ದೀಯ?" ಎಂದು ಕೇಳಿದರು. ಸಿನಿಮಾಕ್ಕೆ ಅಳುತ್ತಿದ್ದೇನೆ ಎಂದೆ.

ಮುಂದಿನ ಬೇಸಗೆ ದಾಟುವ ಮೊದಲೇ ಅಜ್ಜಿ ಹೋದಳು. ಅವತ್ತಿನಿಂದ ಕೊನೆಯವರೆಗೂ ಶಾಮಣ್ಣನನ್ನು ಬರೆದುಕೊಳ್ಳುವ ಗುಮಾಸ್ತ ಎಂದೇ ತಿಳಿದಿದ್ದಳು. ತಿಥಿಗೆ ಉದ್ದನಪಲ್ಲಿಯವರು ಬಂದು ಹೋದರು. ಅದಾದ ಭಾನುವಾರ ನಾವು ಟೀವಿ ಹಾಕಿದಾಗ ಹಾಡಿನ ಮೇಲೆ ಮಸುಕು ಅಕ್ಷರಗಳು ನಿಂತಿದ್ದವು. ಅತ್ತೆಯ ಮುಖ ಬಿಳಚಿಕೊಂಡಿತು. "ಮುನಿಯಮ್ಮ ಕಣೇ. ಬಂದವ್ಳೆ, ಹೋಗ್ತಾ ಇಲ್ಲ" ಎಂದು ದೇವರ ಕೋಣೆಯಿಂದ ವಿಭೂತಿ ತಂದು ಟೀವಿಯ ಮುಂದೆ ಕೂತರು. ಅವರಿಗೆ ಆ ಅಕ್ಷರ ಓದಲು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ಪರದೆಯ ಮೇಲಿದ್ದದ್ದು ಆ ಹೆಸರೇ.

ಎದ್ದು ಪಕ್ಕದ ಮನೆಗೆ ಹೋದೆ. ಶಾಮಣ್ಣನ ಜೊತೆ ಕೂತು ಮಾತಾಡಿದ್ದು ಅದೇ ಕೊನೆ. ಆ ತಿಂಗಳೇ ಮನೆ ಖಾಲಿ ಮಾಡಿ ಕೃಷ್ಣಗಿರಿ ಕಡೆ ಹೋದ, ಮತ್ತೆ ಕಾಣಲಿಲ್ಲ. ಅವತ್ತು ನಾನು ಹೋದಾಗ ಕೀಲಿಮಣೆಯ ಮುಂದೆ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಅಜ್ಜಿಯ ಚಾಪೆ ಹಾಸಿದ ಹಾಗೇ ಇತ್ತು.

"ಹೆಣ್ ಹುಡ್ಕೋಳೇ ಇಲ್ಲ, ಗಂಡ್ ಯಾಕೆ ಅಂತ ನಂದೆಲ್ಲಾ ಅಳಿಸ್ದೆ" ಎಂದ. "ಅಮ್ಮನ್ ಹೆಸ್ರು ಇದೊಂದ್ ಉಳೀತು. ಅಮ್ಮ ಅವತ್ತು ತಾಯಿ ಇಲ್ಲ ಅಂದ್ಲು ಸರೋಜಮ್ಮ. ನಾನ್ ಸುಳ್ ಬರ್ದೆ. ಈಗ ಅವ್ಳ್ ಮಾತೇ ನಿಜ ಆಗೋಯ್ತು. ಅಳಿಸೋಣ ಅಂದ್ರೆ ಕೈ ಬತ್ತಾ ಇಲ್ಲ. ನೀನ್ ಒತ್ತಮ್ಮ."

ಯಾವ ಗುಂಡಿ ಎಂದು ತೋರಿಸಿ ಅವನು ಗೋಡೆಯ ಕಡೆ ತಿರುಗಿಕೊಂಡ. ನಾನು ಒತ್ತಿದೆ. ಒಂದು ಅಕ್ಷರ ಹೋಯಿತು. ಮತ್ತೆ ಒತ್ತಿದೆ. ಕೊನೆಯ ಅಕ್ಷರ ಹೋಗಿ ಪರದೆ ಬರಿದಾದಾಗ, ಗೋಡೆಯ ಆಚೆಯಿಂದ ಅತ್ತೆ ನಿಟ್ಟುಸಿರು ಬಿಟ್ಟು ಹೇಳಿದ್ದು ನಮ್ಮಿಬ್ಬರಿಗೂ ಕೇಳಿಸಿತು:

"ಹೋದ್ಲು ಕಣೇ ಸರೋಜ. ಹೋದ್ಲು."